ಕೇಳುವ ಕೆಲಸಕ್ಕೆ ಪಗಾರ ಎಷ್ಟು?

ನಮ್ಮ ಬೈಲಹೊಂಗಲದ ಕಡೆ ಸಂಬಳಕ್ಕೆ ಪಗಾರ ಅಂತಾರೆ. ಮುಂಬೈಗೆ ಬಂದ ಮೇಲೆ ಇಲ್ಲಿಯ ಮರಾಠಿಯಲ್ಲೂ ಅದೇ ಶಬ್ದ ಕಿವಿಗೆ ಬಿದ್ದಾಗ ಊರೇ ಸಿಕ್ಕಷ್ಟು ಖುಷಿಯಾಗಿತ್ತು. ಅದು ಪೋರ್ಚುಗೀಸರಿಂದ ಬಂದ ಶಬ್ದ ಅಂತ ಆಮೇಲೆ ತಿಳಿಯಿತು. ಅವರ ಭಾಷೆಯಲ್ಲಿ ಪಗಾರ್ ಎಂದರೆ ದುಡ್ಡು ಕೊಡುವುದು, ಪಾವತಿ ಮಾಡುವುದು. ಶಬ್ದ ಎಲ್ಲಿಂದಲೇ ಬಂದಿರಲಿ, ಅದರ ಜೊತೆಗೆ ಬರುವ ಪ್ರಶ್ನೆ ಮಾತ್ರ ಪಕ್ಕಾ ನಮ್ಮದು. ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ಇಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಈಗ ಪಗಾರ ಎಷ್ಟ ಐತವಾ?"

ಆಫೀಸಿನಲ್ಲಿ ಈ ಪ್ರಶ್ನೆ ಕೇಳುವ ಹಾಗಿಲ್ಲ. ನಾನು ಇದುವರೆಗೆ ಸಹಿ ಹಾಕಿದ ಎಲ್ಲ ಆಫರ್ ಲೆಟರ್‌ಗಳಲ್ಲೂ ಸಂಬಳದ ವಿವರ ಗುಟ್ಟಾಗಿಡಬೇಕು ಎಂಬ ಸಾಲು ಇತ್ತು. ಹದಿನಾರು ವರ್ಷ ಐಟಿಯಲ್ಲಿ ದುಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ನಮ್ಮ ಊರಿನವರ ಪ್ರಶ್ನೆಯೇ ಸರಿ. ಅದು ಯಾಕೆ ಎಂದು ಹೇಳಲು ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಯಾಕೆಂದರೆ ನನ್ನ ಮನೆಯವರಿಗೇ ಅದು ಇನ್ನೂ ಪೂರ್ತಿ ಅರ್ಥವಾಗಿಲ್ಲ.

ನಾನು ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚರ್. ಚಿಕ್ಕದಾಗಿ ಯುಎಕ್ಸ್ ರಿಸರ್ಚರ್. ಬೆಳಗಾವಿಯಲ್ಲಿ ಬಿಇ ಮಾಡಿ, ನವಿ ಮುಂಬೈಯ ಐರೋಲಿಯಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಆಮೇಲೆ ಸೀಡ್ ಪರೀಕ್ಷೆ ಬರೆದು ಪೊವಾಯಿಯ ಐಐಟಿಯಲ್ಲಿ ಎಂ.ಡೆಸ್. ಮಾಡಿದೆ. ಒಂದು ಆ್ಯಪ್ ಕಟ್ಟುವ ಮೊದಲು, ಕಟ್ಟಿದ ಮೇಲೆ, ಅದನ್ನು ಬಳಸುವ ಜನರ ಹತ್ತಿರ ಹೋಗಿ ಕೂತು, ಅವರು ಏನು ಮಾಡುತ್ತಾರೆ, ಎಲ್ಲಿ ಎಡವುತ್ತಾರೆ, ಯಾಕೆ ಹೆದರುತ್ತಾರೆ ಎಂದು ಕೇಳಿ ನೋಡಿ ಬರೆದುಕೊಂಡು ಬರುವುದು ನನ್ನ ಕೆಲಸ. ಇದನ್ನು ನಮ್ಮ ಮಾಮಾನಿಗೆ ವಿವರಿಸಿದಾಗ ಆತ ಅಂದದ್ದು: "ಮಂದೀ ಕೂಡ ಮಾತಾಡೋದಕ್ಕೂ ಪಗಾರ ಕೊಡ್ತಾರೇನವಾ? ಹಂಗಾದ್ರ ನಿಮ್ಮ ಮಾಮಿ ಕರೋಡಪತಿ ಆಗಬೇಕಿತ್ತ ನೋಡ."

ನಗು ಬಂತು. ಆದರೆ ನನ್ನ ಪಗಾರದ ಕಥೆಯೆಲ್ಲ ಆ ಒಂದು ಮಾತಿನಲ್ಲಿದೆ. ಕೇಳುವುದು ಎಲ್ಲರಿಗೂ ಬರುತ್ತದೆ, ಅದಕ್ಕೇನು ದೊಡ್ಡ ಬೆಲೆ ಎಂಬ ಭಾವನೆ ಮಾಮಾನಿಗೆ ಮಾತ್ರ ಇರುವುದಲ್ಲ. ಎಚ್‌ಆರ್‌ನವರಿಗೂ ಇದೆ.

ಹಾಗೆ ನೋಡಿದರೆ ನಮ್ಮ ದೇಶದಲ್ಲಿ ಡಿಸೈನ್ ಶಿಕ್ಷಣ ಶುರುವಾದದ್ದೇ ಇಂಥ ಕೇಳುವ ಕೆಲಸದಿಂದ. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಇಲ್ಲಿಗೆ ಬಂದು ಒಂದು ವರದಿ ಕೊಟ್ಟರು. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಬಹಳ ಮೆಚ್ಚಿದ್ದು ಲೋಟಾವನ್ನು, ಅಂದರೆ ನಮ್ಮ ತಂಬಿಗೆಯನ್ನು. ಅದನ್ನು ಬರೀ ಚೆಂದ ಎಂದು ಹೊಗಳಿ ಬಿಡಲಿಲ್ಲ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೊರುತ್ತಾರೋ ತಲೆಯ ಮೇಲೋ, ತುಂಬಿದಾಗ ತೂಕ ಹೇಗೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ಬೆಲೆ ಎಷ್ಟು ಎಂದು ಪ್ರಶ್ನೆಗಳ ಸಾಲನ್ನೇ ಇಟ್ಟರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಬಂತು. 1969ರಲ್ಲಿ ಪೊವಾಯಿಯ ಐಐಟಿಯೊಳಗೆ ಐಡಿಸಿ ಬಂತು. ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಅದಕ್ಕೂ ಬಹಳ ತಡವಾಗಿ, 1993ರಲ್ಲಿ ಡಾನ್ ನಾರ್ಮನ್ ಆ್ಯಪಲ್ ಕಂಪನಿ ಸೇರಿ ಅದನ್ನು ತನ್ನ ಹುದ್ದೆಯ ಹೆಸರಿನಲ್ಲಿ ಹಾಕಿಕೊಂಡ ಮೇಲೆ.

ಇರಲಿ, ಇತಿಹಾಸದಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ಲೆಕ್ಕಕ್ಕೆ ಬರೋಣ.

ಎರಡು ವರ್ಷದ ಹಿಂದೆ ನಮ್ಮ ಕಂಪನಿ ಸಣ್ಣ ಅಂಗಡಿಯವರಿಗೆ ಸಾಲ ಕೊಡುವ ಒಂದು ಆ್ಯಪ್ ಮಾಡುತ್ತಿತ್ತು. ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮಗೆ ಬೇರೆ ಸಾಲ ಇದೆಯೇ? ಬಹುಪಾಲು ಅಂಗಡಿಯವರು ಇಲ್ಲ ಎಂದು ಒತ್ತುತ್ತಿದ್ದರು. ಆಮೇಲೆ ಕಂತು ಕಟ್ಟಲು ಒದ್ದಾಡುತ್ತಿದ್ದರು. ಇವರು ಸುಳ್ಳು ಹೇಳುತ್ತಾರೆ, ನಿಯಮ ಇನ್ನೂ ಬಿಗಿ ಮಾಡೋಣ ಎಂದು ಮೀಟಿಂಗಿನಲ್ಲಿ ಮಾತಾಯಿತು. ಮೊದಲು ಹೋಗಿ ಕೇಳಿ ಬರುತ್ತೇನೆ ಎಂದು ನಾನು ಹೊರಟೆ. ಧಾರಾವಿ, ಚೆಂಬೂರು, ಡೊಂಬಿವಲಿ, ಆಮೇಲೆ ಬೆಳಗಾವಿ. ಕಿರಾಣಿ ಅಂಗಡಿ, ಸಣ್ಣ ಹೋಟೆಲು, ಹಾಲಿನ ಡೇರಿ. ಕೆಲವರ ಜೊತೆ ಹಿಂದಿಯಲ್ಲಿ, ಹದಿನಾಲ್ಕು ಜನರ ಜೊತೆ ಕನ್ನಡ ಅಥವಾ ಮರಾಠಿಯಲ್ಲಿ ಮಾತು.

ಬೆಳಗಾವಿಯ ಒಬ್ಬ ಕಿರಾಣಿ ಅಂಗಡಿಯವರು ಎದೆ ಮುಟ್ಟಿಕೊಂಡು ಹೇಳಿದರು: "ನಮಗ ಒಂದ್ ರೂಪಾಯಿ ಸಾಲ ಇಲ್ರೀ." ಅವರ ಬೆನ್ನ ಹಿಂದೆ ಗೋಡೆಗೆ ಒಂದು ವಹಿ ತೂಗುಹಾಕಿತ್ತು. ಅದೇನು ಎಂದು ಕೇಳಿದೆ. "ಅದ ಹೋಲ್‌ಸೇಲ್‌ದವ್ರ ಉದ್ರಿ ಲೆಕ್ಕರೀ. ಅದ್ಯಾಕ್ ಸಾಲ ಆಗ್ತೈತಿ?" ಸಾಲ ಎಂದರೆ ಬ್ಯಾಂಕಿನದು, ಬಡ್ಡಿಯದು. ಉದ್ರಿ ಎಂದರೆ ವ್ಯಾಪಾರದ ನಂಬಿಕೆ. ಮರಾಠಿಯವರಿಗೂ ಹಾಗೆಯೇ, ಕರ್ಜ ಬೇರೆ, ಉಧಾರಿ ಬೇರೆ. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ತಪ್ಪಿತ್ತು. ನನ್ನ ವರದಿಯ ಮೇಲೆ ಪ್ರಶ್ನೆಯನ್ನು ಎರಡಾಗಿ ಒಡೆದರು. ಬಿಗಿ ಮಾಡಬೇಕೆಂದಿದ್ದ ನಿಯಮವನ್ನು ಕೈಬಿಟ್ಟರು.

ವರ್ಷದ ಕೊನೆಗೆ ದೊಡ್ಡ ಸಭೆಯಲ್ಲಿ ಆ ಹೊಸ ಸ್ಕ್ರೀನು ಪರದೆಯ ಮೇಲೆ ಬಂತು, ಚಪ್ಪಾಳೆಯಾಯಿತು. ಸ್ಕ್ರೀನು ಮಾಡಿದ ಡಿಸೈನರ್ ನನ್ನ ಗೆಳೆಯ, ಒಳ್ಳೆಯ ಮನುಷ್ಯ. ನನ್ನಷ್ಟೇ ವರ್ಷದ ಅನುಭವ, ನನ್ನಂಥದೇ ಡಿಗ್ರಿ. ಅವತ್ತು ಸಂಜೆ ಚಹಾ ಕುಡಿಯುವಾಗ ತಾನಾಗಿಯೇ ತನ್ನ ಸಂಬಳ ಹೇಳಿದ: ಫಿಕ್ಸೆಡ್ 31 ಲಕ್ಷ. ನನ್ನದು 24. ಇಬ್ಬರೂ ಒಂದು ನಿಮಿಷ ಕಪ್ಪು ಕೆಳಗಿಡಲಿಲ್ಲ.

ಮ್ಯಾನೇಜರನ್ನು ಕೇಳಿದೆ. ಅವರು ಕೊಟ್ಟ ಕಾರಣ ಪ್ರಾಮಾಣಿಕವಾಗಿಯೇ ಇತ್ತು. ನಮ್ಮಲ್ಲಿ ಹುದ್ದೆಗಳಿಗೆ ಬ್ಯಾಂಡ್ ಇದೆ. ಡಿಸೈನರ್ ಪ್ರಾಡಕ್ಟ್ ವಿಭಾಗದ ಬ್ಯಾಂಡಿನಲ್ಲಿದ್ದಾನೆ. ರಿಸರ್ಚ್ ಸಪೋರ್ಟ್ ಬ್ಯಾಂಡಿನಲ್ಲಿದೆ. ಯುಎಕ್ಸ್ ರೈಟರ್, ಅಂದರೆ ಆ್ಯಪಿನೊಳಗಿನ ಮಾತುಗಳನ್ನು ಬರೆಯುವವರು, ಅವರೂ ಸಪೋರ್ಟ್. ಕೈಯಲ್ಲಿ ತೋರಿಸಲು ಒಂದು ಸ್ಕ್ರೀನು ಇದ್ದವನು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ನಾವು ಮಾಡಿದ ಕೆಲಸ ಚೆನ್ನಾಗಿ ಆದಷ್ಟೂ ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಆಗಬೇಕಿದ್ದ ನಷ್ಟ ಆಗುವುದೇ ಇಲ್ಲವಲ್ಲ.

ಇದರ ಜೊತೆಗೆ ಭಾಷೆಯ ಲೆಕ್ಕ. ಆ ಹದಿನಾಲ್ಕು ಸಂದರ್ಶನಗಳ ರೆಕಾರ್ಡಿಂಗನ್ನು ಕೇಳಿ, ಬರೆದು, ಇಂಗ್ಲಿಷಿಗೆ ತರಬೇಕಿತ್ತು. ಹೊರಗಿನ ಏಜೆನ್ಸಿಯವರು ನಿಮಿಷಕ್ಕೆ 60 ರೂಪಾಯಿ ಕೇಳಿದ್ದರು. ತಲಾ ಒಂದು ಗಂಟೆ ಎಂದರೆ 840 ನಿಮಿಷ, 50,400 ರೂಪಾಯಿ. ಬಜೆಟ್ ಇಲ್ಲ, ನಿನಗೆ ಹೇಗೂ ಎರಡೂ ಭಾಷೆ ಬರುತ್ತದಲ್ಲ ಎಂದರು. ಒಂದು ಗಂಟೆಯ ಮಾತನ್ನು ಬರೆದು ಅನುವಾದಿಸಲು ನನಗೆ ಐದು ಗಂಟೆ ಹಿಡಿಯುತ್ತದೆ. ಒಟ್ಟು ಎಪ್ಪತ್ತು ಗಂಟೆ. ನಾಲ್ಕು ಶನಿವಾರ, ನಾಲ್ಕು ಭಾನುವಾರ ಅದಕ್ಕೇ ಹೋಯಿತು. ಏಜೆನ್ಸಿ ಮಾಡಿದರೆ ಅದು ಖರ್ಚು. ನಾನು ಮಾಡಿದರೆ ಅದು ನನ್ನ ಸ್ವಭಾವ!

ಮಷೀನಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಟ್ಟು ನೋಡಿದ್ದೆ. ಬೆಳಗಾವಿಯ ಕನ್ನಡದಲ್ಲಿ ಮರಾಠಿ, ಉರ್ದು ಎಲ್ಲ ಬೆರೆತಿರುತ್ತದೆ. ಮಷೀನು 'ಉದ್ರಿ'ಯನ್ನು 'ಉದುರಿ' ಎಂದು ಬರೆದಿತ್ತು. ಇಡೀ ಅಧ್ಯಯನದ ಪ್ರಾಣ ಇದ್ದದ್ದು ಆ ಒಂದೇ ಶಬ್ದದಲ್ಲಿ.

ಆದರೂ ಈ ಮಷೀನಿನ ಹೆಸರು ಹೇಳಿ ಪಗಾರ ಇಳಿಸುವ ಮಾತು ಈಗ ಜೋರಾಗಿದೆ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆದಾಗ ಹೊರಗೆ ಬಿದ್ದವರಲ್ಲಿ ನಮ್ಮ ಕಸುಬಿನವರೂ ಬಹಳ ಜನ ಇದ್ದರು. ಅದರ ನೆನಪು ಇಲ್ಲಿಯ ಸಂಬಳದ ಮಾತುಕತೆಯಲ್ಲಿ ಇನ್ನೂ ಕೂತಿದೆ. ಕೆಲಸ ಇದೆಯಲ್ಲ, ಅದೇ ದೊಡ್ಡದು ಎಂಬ ಧಾಟಿ.

ಇಷ್ಟು ಓದಿ ನಿಮಗೆ ಸಿಟ್ಟು ಬಂದಿರಬಹುದು. 24 ಲಕ್ಷ ತೆಗೆದುಕೊಂಡು ಇವಳು ಗೋಳಾಡುತ್ತಿದ್ದಾಳಲ್ಲ ಎಂದು. ಆ ಸಿಟ್ಟು ನ್ಯಾಯವಾದದ್ದೇ. ಅದೇ ಅಧ್ಯಯನದಲ್ಲಿ ಚೆಂಬೂರಿನ ಒಂದು ಹೋಟೆಲಿನ ಕ್ಯಾಷಿಯರ್ ಒಬ್ಬರ ಜೊತೆ ಮಾತಾಡಿದ್ದೆ. ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಒಂದು ಗಂಟೆ ಮಾತಾಡಿದ್ದಕ್ಕೆ ನಮ್ಮ ಕಂಪನಿಯ ರೂಢಿಯಂತೆ 700 ರೂಪಾಯಿ ಕೊಟ್ಟೆ. ಅವರು ಕವರನ್ನು ತಿರುಗಿಸಿ ನೋಡಿ, "ನಮ್ಮ ಮಾತು ಕೇಳ್ಲಿಕ್ಕೆ ನಮಗೇ ದುಡ್ಡು ಕೊಡ್ತೀರಾ? ಹಾಗಾದ್ರೆ ನಿಮಗೆ ಎಷ್ಟು ಸಂಬಳ ಬರ್ತದೆ ಮೇಡಂ?" ಎಂದರು.

ಹೇಳಿದೆ. ತೆರಿಗೆ, ಪಿಎಫ್ ಕಳೆದು ತಿಂಗಳಿಗೆ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಎಂದೆ. ಅವರು ಹುಬ್ಬೇರಿಸಿದರು, ಆದರೆ ಹೊಟ್ಟೆಕಿಚ್ಚಿನ ಮಾತಾಡಲಿಲ್ಲ. "ನಿಮ್ಮ ಆಫೀಸಲ್ಲಿ ಬೇರೆಯವರಿಗೆ ಎಷ್ಟು?" ಎಂದು ಕೇಳಿದರು. ಗೊತ್ತಿಲ್ಲ, ಹೇಳುವ ಹಾಗಿಲ್ಲ ಎಂದೆ. ಅವರಿಗೆ ಅದೇ ಹೆಚ್ಚು ವಿಚಿತ್ರ ಅನ್ನಿಸಿತು. "ನಮ್ಮಲ್ಲಿ ದೋಸೆ ಭಟ್ರಿಗೂ ಕ್ಲೀನರಿಗೂ ಒಂದೇ ಸಂಬಳ ಇಲ್ಲ. ಆದ್ರೆ ಯಾರಿಗೆಷ್ಟು ಅಂತ ಎಲ್ಲರಿಗೂ ಗೊತ್ತುಂಟು. ಭಟ್ರಿಗೆ ಪಕ್ಕದ ಹೋಟೆಲಿನಲ್ಲಿ ಎಷ್ಟು ಕೊಡ್ತಾರೆ ಅಂತಲೂ ಗೊತ್ತುಂಟು. ಗೊತ್ತಿಲ್ಲದಿದ್ರೆ ಕೇಳುವುದು ಹೇಗೆ?"

ಗೊತ್ತಿಲ್ಲದಿದ್ದರೆ ಕೇಳುವುದು ಹೇಗೆ. ಚಹಾದ ಸಂಜೆ ಗೆಳೆಯ 31 ಎಂದಾಗ ನನಗೆ ನೆನಪಾದದ್ದು ಈ ಮಾತು.

ಗೊತ್ತಿಲ್ಲದೆ ಇರುವುದರ ನಷ್ಟ ಒಂದು ವರ್ಷಕ್ಕೆ ಮುಗಿಯುವುದೂ ಇಲ್ಲ. ನಮ್ಮಲ್ಲಿ ಹೊಸ ಕಂಪನಿಯವರು ಮೊದಲು ಕೇಳುವುದು ಹಿಂದಿನ ಮೂರು ತಿಂಗಳ ಪೇಸ್ಲಿಪ್. ಅದರ ಮೇಲೆ ಇಂತಿಷ್ಟು ಶೇಕಡಾ ಸೇರಿಸಿ ಆಫರ್ ಕೊಡುತ್ತಾರೆ. ಲೆಕ್ಕ ಹಾಕಿ ನೋಡಿ. ಒಬ್ಬರು 8 ಲಕ್ಷಕ್ಕೆ, ಇನ್ನೊಬ್ಬರು 10 ಲಕ್ಷಕ್ಕೆ ಶುರು ಮಾಡುತ್ತಾರೆ. ಇಬ್ಬರೂ ಮೂರು ಸಲ ಕೆಲಸ ಬದಲಿಸಿ ಪ್ರತಿ ಸಲವೂ ಶೇ. 30 ಹೆಚ್ಚು ಪಡೆದರೆ ಮೊದಲನೆಯವರದು ಸುಮಾರು 17.6 ಲಕ್ಷ, ಎರಡನೆಯವರದು ಸುಮಾರು 22 ಲಕ್ಷ. ಮೊದಲು ಎರಡು ಲಕ್ಷವಿದ್ದ ಅಂತರ ನಾಲ್ಕೂ ಕಾಲು ಲಕ್ಷ ದಾಟಿರುತ್ತದೆ. ಯಾರ ಕೆಲಸ ಹೇಗಿತ್ತು ಎಂದು ನಡುವೆ ಯಾರೂ ಕೇಳಿರುವುದಿಲ್ಲ.

ಬೇರೆ ಕಡೆ ಇದಕ್ಕೆ ಕಾನೂನು ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಿಂದಿನ ಸಂಬಳ ಕೇಳುವಂತಿಲ್ಲ. 2023ರಿಂದ 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಹಾಕಬೇಕು. ಯುರೋಪಿನ ಒಕ್ಕೂಟವೂ 2023ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿದೆ. ನಮ್ಮಲ್ಲಿ ಇದೇ ಕಂಪನಿಗಳ ಮುಂಬೈ, ಬೆಂಗಳೂರು ಜಾಹೀರಾತುಗಳಲ್ಲಿ ಸಂಬಳದ ಜಾಗದಲ್ಲಿ 'ಉದ್ಯಮದಲ್ಲೇ ಉತ್ತಮ' ಎಂದು ಇರುತ್ತದೆ.

ನಮ್ಮಲ್ಲಿ ಇರುವ ಕಾನೂನು ಬೇರೆ ಥರದ್ದು. 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಒಂದೇ ಕೆಲಸ ಅಥವಾ ಒಂದೇ ಸ್ವರೂಪದ ಕೆಲಸ ಮಾಡುವವರಿಗೆ ಗಂಡು ಹೆಣ್ಣು ಎಂದು ಸಂಬಳದಲ್ಲಿ ಭೇದ ಮಾಡುವಂತಿಲ್ಲ ಎನ್ನುತ್ತದೆ. ನಮ್ಮ ತಂಡದಲ್ಲಿ ನಾಲ್ವರು ರಿಸರ್ಚರುಗಳಲ್ಲಿ ಮೂವರು ಹೆಂಗಸರು. ಡಿಸೈನರುಗಳಲ್ಲಿ ಗಂಡಸರೇ ಹೆಚ್ಚು. ಆದರೆ ಹುದ್ದೆಯ ಹೆಸರೇ ಬೇರೆ, ಬ್ಯಾಂಡೇ ಬೇರೆ ಎಂದ ಮೇಲೆ ಒಂದೇ ಸ್ವರೂಪದ ಕೆಲಸ ಎಂದು ತೋರಿಸುವ ಭಾರ ನಮ್ಮ ತಲೆಯ ಮೇಲೆ ಬರುತ್ತದೆ.

ಇದೆಲ್ಲ ನನ್ನ ಮನಸ್ಸಿನಲ್ಲಿ ಕುದಿಯುತ್ತಿದ್ದಾಗಲೇ ಮಾಮಾನ ಮಗಳ ಫೋನು ಬಂತು. ಅವಳೂ ಎಂ.ಡೆಸ್. ಮುಗಿಸಿದ್ದಾಳೆ, ಅವಳೂ ರಿಸರ್ಚರ್. ಮಾಮಾ ಮಾಡಿದ ತಮಾಷೆ ಅವನ ಮನೆಗೇ ಬಂದು ಕೂತಿತ್ತು. "ಅಕ್ಕಾ, ಲೋವರ್ ಪರೇಲದಾಗ ಕೆಲಸ. ಹದಿನಾಲ್ಕ ಲಕ್ಷ ಅಂದಾರ. ತಿಂಗಳಿಗೆ ಒಂದ ಲಕ್ಷ ಹದಿನಾರ ಸಾವಿರ! ಹೂಂ ಅಂದ ಬಿಡ್ಲ್ಯಾ?" ಆಫರ್ ಲೆಟರ್ ಕಳಿಸು ಎಂದೆ. ಇಬ್ಬರೂ ಫೋನಿನಲ್ಲೇ ಕೂತು ಬಿಡಿಸಿದೆವು.

14 ಲಕ್ಷ ಎಂಬುದು ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಅದರಲ್ಲಿ ವೇರಿಯಬಲ್ ಎಂದು 1,40,000. ಅದು ಬಂದರೆ ಬಂತು. ಜಾಯ್ನಿಂಗ್ ಬೋನಸ್ 50,000. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಮೂಲ ವೇತನ 7 ಲಕ್ಷ, ಅದರ ಶೇ. 12 ಕಂಪನಿಯ ಪಾಲಿನ ಪಿಎಫ್, 84,000. ಗ್ರಾಚ್ಯುಟಿ ಶೇ. 4.81ರಂತೆ ಸುಮಾರು 33,700. ಕಾಯಂ ನೌಕರರಿಗೆ ಅದು ಕೈಗೆ ಸಿಗುವುದು ಐದು ವರ್ಷ ತುಂಬಿದ ಮೇಲೆ. ವಿಮೆ 12,300. ಇಷ್ಟನ್ನೂ ಕಳೆದರೆ ಉಳಿಯುವುದು 10,80,000, ತಿಂಗಳಿಗೆ 90,000. ಅದರಿಂದ ಅವಳ ಪಾಲಿನ ಪಿಎಫ್ 7,000, ಮಹಾರಾಷ್ಟ್ರದ ವೃತ್ತಿ ತೆರಿಗೆ 200. ಆದಾಯ ತೆರಿಗೆಯ ಮಾತು ಬಿಟ್ಟರೂ ಕೈಗೆ 82,800. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಂದ್ರ ಮೂವತ್ತ್‌ಮೂರ ಸಾವಿರ ಎಲ್ಲೋ ಹೋತಲ್ಲಕ್ಕಾ" ಎಂದಳು. ಎಲ್ಲೂ ಹೋಗಿಲ್ಲ, ಪಿಎಫ್ ನಿನ್ನದೇ, ಆದರೆ ಬಾಡಿಗೆ ಕಟ್ಟುವುದು ಈ 82,800ರಿಂದ ಎಂದೆ.

ಆಮೇಲೆ ನನ್ನ ಅಂಕಿಗಳನ್ನೆಲ್ಲ ಅವಳಿಗೆ ಹೇಳಿದೆ. ಮೊದಲ ಕೆಲಸದಿಂದ ಇವತ್ತಿನವರೆಗೆ, ಒಂದೂ ಬಿಡದೆ. ಗೆಳೆಯನ ಒಪ್ಪಿಗೆ ಕೇಳಿ ಅವನ 31 ಲಕ್ಷವನ್ನೂ ಹೇಳಿದೆ. ಮೂರು ಪ್ರಶ್ನೆ ಬರೆಸಿದೆ. ಈ ಹುದ್ದೆ ಯಾವ ಬ್ಯಾಂಡಿನಲ್ಲಿದೆ, ನನ್ನ ಜೊತೆ ಸೇರುವ ಡಿಸೈನರನ ಬ್ಯಾಂಡ್ ಅದೇ ಇದೆಯೋ? ವೇರಿಯಬಲ್ ಬಿಟ್ಟು ಫಿಕ್ಸೆಡ್ ಎಷ್ಟು, ಅದನ್ನು ಹೆಚ್ಚಿಸಲು ಬರುತ್ತದೆಯೋ? ಕನ್ನಡ, ಮರಾಠಿ, ಹಿಂದಿಯಲ್ಲಿ ಸಂದರ್ಶನ ಮಾಡಿದರೆ ಅನುವಾದದ ಕೆಲಸಕ್ಕೆ ಬಜೆಟ್ ಇದೆಯೋ, ಇಲ್ಲದಿದ್ದರೆ ಆ ಗಂಟೆಗಳನ್ನು ನನ್ನ ಕೆಲಸದ ಗಂಟೆಗಳಲ್ಲಿ ಹಿಡಿಯುತ್ತೀರೋ?

ಮೊದಲು ಅವಳು ಅಳುಕಿದಳು. ಆಫರ್ ಹಿಂದೆ ತಗೊಂಡರೆ ಏನು ಮಾಡುವುದು ಎಂದಳು. ಕೇಳಿದ್ದಕ್ಕೆ ಆಫರ್ ಹಿಂದೆ ತೆಗೆದುಕೊಂಡದ್ದನ್ನು ನಾನಂತೂ ನೋಡಿಲ್ಲ, ಇಲ್ಲ ಎಂದದ್ದನ್ನು ನೋಡಿದ್ದೇನೆ ಎಂದೆ. ಕೇಳಿದಳು. ಬ್ಯಾಂಡ್ ಬದಲಾಗಲಿಲ್ಲ. ಫಿಕ್ಸೆಡ್ ಒಂದು ಲಕ್ಷ ಏರಿತು. ಜಾಯ್ನಿಂಗ್ ಬೋನಸ್ಸಿನ ಷರತ್ತು ಒಂದು ವರ್ಷದಿಂದ ಆರು ತಿಂಗಳಿಗೆ ಇಳಿಯಿತು. ಅನುವಾದದ ಪ್ರಶ್ನೆಗೆ ಅವರು, ಇದನ್ನು ನಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಎಂದರಂತೆ.

ನನ್ನ ವಿಷಯ? ನಾನೂ ಅದೇ ಪ್ರಶ್ನೆಗಳನ್ನು ನಮ್ಮಲ್ಲಿ ಬರೆದು ಕೊಟ್ಟೆ, ಆ 840 ನಿಮಿಷದ ಲೆಕ್ಕದ ಸಮೇತ. ಉದ್ರಿಯ ಕಥೆಯನ್ನೂ ಒಂದು ಪುಟದಲ್ಲಿ ಬರೆದೆ. ನಿಯಮ ಬಿಗಿ ಮಾಡಿದ್ದರೆ ಎಷ್ಟು ಗಿರಾಕಿಗಳು ಹೊರಗೆ ಹೋಗುತ್ತಿದ್ದರು ಎಂಬ ಲೆಕ್ಕವನ್ನು ಡೇಟಾ ತಂಡದವರು ಹಾಕಿಕೊಟ್ಟರು. ಈ ವರ್ಷ ಅನುವಾದಕ್ಕೆ ಬೇರೆ ಬಜೆಟ್ ಬಂದಿದೆ. ನನ್ನ ಫಿಕ್ಸೆಡ್ 24ರಿಂದ 26 ಆಗಿದೆ. ರಿಸರ್ಚ್ ಇನ್ನೂ ಸಪೋರ್ಟ್ ಬ್ಯಾಂಡಿನಲ್ಲೇ ಇದೆ. ಬರುವ ಏಪ್ರಿಲಿಗೆ ಮತ್ತೆ ಕೇಳುವವಳಿದ್ದೇನೆ, ಈ ಸಲ ನಾಲ್ವರೂ ಸೇರಿ.

ನಮ್ಮ ಮನೆಗಳಲ್ಲಿ ಈಗ ಡಿಸೈನ್ ಓದುವ ಮಕ್ಕಳು ಹೆಚ್ಚುತ್ತಿದ್ದಾರೆ. ಅವರಿಗೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಮೊದಲ ಆಫರ್ ಬಂದಾಗ ಕೇಳಲು ಒಬ್ಬರು ಬೇಕು. ಅವರು ಹಿಂಜರಿಯುತ್ತಾ ನಿಮ್ಮ ಪಗಾರ ಎಷ್ಟು ಎಂದು ಕೇಳಿದರೆ, ಪರವಾಗಿಲ್ಲ ಬಿಡು, ಸಾಕಾಗುತ್ತದೆ ಎಂದು ತೇಲಿಸಬೇಡಿ. ಅಂಕಿ ಹೇಳಿ. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಕೈಗೆ ಎಷ್ಟು. ನನ್ನದು ಈಗ 26, ಕೈಗೆ ಒಂದು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು, ಯುಎಕ್ಸ್ ರಿಸರ್ಚಿನಲ್ಲಿ ಹನ್ನೊಂದು ವರ್ಷದ ಅನುಭವ, ಊರು ಮುಂಬೈ. ಬರೆದಿಟ್ಟುಕೊಳ್ಳಿ, ಯಾರಿಗಾದರೂ ಬೇಕಾಗಬಹುದು.